ಬಾ ಇಲ್ಲಿ

ಮುದ್ದೇನಹಳ್ಳಿಯಲ್ಲಿ ನನಗೀಗ ಹೊಸದೊಂದು ಬಿರುದು ದೊರೆತಿದೆ. ಮೂವತ್ತನಾಲ್ಕು ವರ್ಷ ಗಣಿತ ಬೋಧಿಸಿದ್ದಕ್ಕೆ ಒಲಿಯದ ಬಿರುದು, ಒಂದು ನಾಯಿಯನ್ನು ಸಾಕಿದ್ದಕ್ಕೆ ಒಲಿಯಿತು. ಸಂಜೆ ಹೊಲದ ಬದುವಿನ ಮೇಲೆ ನಡೆದು ಹೊರಟರೆ ಊರಿನ ಮಕ್ಕಳು ‘ಸೀಟಿ ಮೇಷ್ಟ್ರು ಬಂದ್ರು’ ಎಂದು ಕೂಗುತ್ತಾರೆ. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ, ಜುಬ್ಬದ ಜೇಬಿನಲ್ಲಿ ಬೇಯಿಸಿದ ಮೊಟ್ಟೆಯ ಚೂರುಗಳ ಪೊಟ್ಟಣ, ಮುಂದೆ ಮುಂದೆ ಕೆಂಚ. ಇದು ನನ್ನ ಈಗಿನ ಅವತಾರ. ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಭಾವಚಿತ್ರವನ್ನು ಎಲ್ಲಿಯೋ ನೋಡಿ, ದೂರವಾಣಿಯಲ್ಲಿ, “ಏನ್ ಸಾರ್, ಈ ವಯಸ್ಸಲ್ಲಿ ಪಿ.ಟಿ. ಮೇಷ್ಟ್ರಾದ್ರಾ?” ಎಂದು ಕೇಳಿ ನಕ್ಕ. ನಾನೂ ನಕ್ಕೆ. ಆದರೆ ಆ ಸೀಟಿಯ ಕಥೆಯನ್ನು ಅವನಿಗೆ ಹೇಳಲಿಲ್ಲ. ಅದನ್ನು ನಿಮಗೆಲ್ಲ ಒಟ್ಟಿಗೇ ಹೇಳಬೇಕೆಂದು ಇಂದು ಕುಳಿತಿದ್ದೇನೆ. ಅದರಲ್ಲಿ ನಾಯಿಯ ಪಾಲಿಗಿಂತ ನನ್ನ ಪಾಲೇ ಹೆಚ್ಚು.

ನಮ್ಮ ಊರನ್ನು ನೀವು ಬಲ್ಲಿರಿ. ನಂದಿಬೆಟ್ಟದ ಸಾಲಿನ ತಪ್ಪಲಿನಲ್ಲಿರುವ ಪುಟ್ಟ ಗ್ರಾಮ. 1861ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಇಲ್ಲಿ. 1962ರಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದೂ ಇಲ್ಲಿಯೇ. ಅವರ ಮನೆಯನ್ನೂ ಸಮಾಧಿಯನ್ನೂ ನೋಡಲು ಜನ ಬರುತ್ತಲೇ ಇರುತ್ತಾರೆ. ಸುತ್ತ ಹಿಪ್ಪುನೇರಳೆ, ದ್ರಾಕ್ಷಿ, ರಾಗಿ, ಹೂವಿನ ತೋಟಗಳು. 2006ರಲ್ಲಿ ನಿವೃತ್ತನಾದ ಮೇಲೆ ನಾನೂ ನನ್ನಾಕೆಯೂ ಇಲ್ಲಿ ನೆಲೆನಿಂತೆವು.

ಕೆಂಚ ನಮ್ಮ ಮನೆಗೆ ಬಂದದ್ದು 2019ರ ಶ್ರಾವಣದಲ್ಲಿ. ರಾತ್ರಿಯಿಡೀ ಸುರಿದ ಮಳೆಗೆ ತೊಯ್ದು, ಹಿಪ್ಪುನೇರಳೆ ತೋಟದ ಕಾಲುವೆಯಲ್ಲಿ ನಡುಗುತ್ತಿದ್ದ ಮರಿ. ಒಂದೂವರೆ ತಿಂಗಳ ಪ್ರಾಯವಿದ್ದೀತು. ನಾಡುನಾಯಿ, ಮೈ ಇಟ್ಟಿಗೆಯ ಬಣ್ಣ, ಎದೆಯ ಮೇಲೊಂದು ಬಿಳಿಯ ಮಚ್ಚೆ. ನನ್ನಾಕೆ ಹಳೆಯ ಪಂಚೆಯಲ್ಲಿ ಸುತ್ತಿ ಒಲೆಯ ಬಳಿ ಮಲಗಿಸಿದಳು. ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆವು. ಆಗ ಅದು ಎಷ್ಟು ವಿಧೇಯವಾಗಿತ್ತೆಂದರೆ ‘ಕೆಂಚ’ ಎನ್ನುವ ಮೊದಲೇ, ‘ಕೆ’ ಎಂಬುದು ಬಾಯಿಯಿಂದ ಹೊರಡುವಷ್ಟರಲ್ಲಿ, ಕಾಲಿಗೆ ಬಂದು ತೊಡರಿಕೊಳ್ಳುತ್ತಿತ್ತು. ಇದು ನನ್ನ ಶಿಕ್ಷಣದ ಫಲವೆಂದು ನಾನು ಬೀಗಿದ್ದೆ. ಮರಿ ಕರೆದರೆ ಬರುವುದು ಶಿಕ್ಷಣದಿಂದಲ್ಲ, ಅದಕ್ಕೆ ಬೇರೆ ದಿಕ್ಕಿಲ್ಲದಿರುವುದರಿಂದ ಎಂಬುದು ಆಮೇಲೆ ತಿಳಿಯಿತು.

ಎಂಟು ತಿಂಗಳಾಗುತ್ತಿದ್ದಂತೆ ಕೆಂಚನಿಗೆ ಜಗತ್ತು ದೊಡ್ಡದಾಯಿತು. ಪಕ್ಕದ ಮನೆಯ ಕೋಳಿ, ಕೆರೆಯಂಗಳದ ಕುರಿಮಂದೆ, ಬೇಲಿಯಾಚೆಯ ಇತರ ನಾಯಿಗಳು, ಬೆಟ್ಟದಿಂದಿಳಿದು ಬರುವ ಕೋತಿಗಳು, ಯಾವುದೂ ಅದರ ಮಟ್ಟಿಗೆ ನನ್ನ ದನಿಗಿಂತ ಕಡಿಮೆಯದಾಗಿರಲಿಲ್ಲ. ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೂ ಎಂಜಲೆಲೆ ಕಂಡರೆ ಜಿಗಿದು ಓಡಿತು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದು ಸುಮ್ಮನೆಯೇ? ನಾನು ಬದುವಿನ ಮೇಲೆ ನಿಂತು, “ಕೆಂಚ, ಬಾ ಇಲ್ಲಿ! ಬಾ ಇಲ್ಲಿ! ಬಾ ಅಂದ್ರೆ!” ಎಂದು ತರಗತಿಯಲ್ಲಿ ಕೂಗುತ್ತಿದ್ದ ದನಿಯಲ್ಲಿಯೇ ಕೂಗುತ್ತಿದ್ದೆ. ಅದು ಒಮ್ಮೆ ತಿರುಗಿ ನೋಡಿ, ಕುರಿಗಳ ಹಿಂದೆ ಹೋಗುತ್ತಿತ್ತು.

ಒಂದು ದಿನ ಹೀಗೆಯೇ ಹೋದದ್ದು ಒಂದು ಗಂಟೆಯ ಮೇಲೆ ಬಂತು. ನಾಲಿಗೆ ಹೊರಚಾಚಿ, ಬಾಲವಾಡಿಸುತ್ತ, ನೇರವಾಗಿ ನನ್ನ ಬಳಿಗೇ ಬಂತು. ಕುರಿಯವರಿಂದ ಮಾತು ಕೇಳಿದ್ದ ಕೋಪ ನನಗಿನ್ನೂ ಆರಿರಲಿಲ್ಲ. ದಂಡಂ ದಶಗುಣಂ ಎಂದು ನಂಬಿದ್ದ ಕೈ. ಮೂಲೆಯಲ್ಲಿದ್ದ ಹುಣಿಸೆಬರಲಿನಿಂದ ನಾಲ್ಕು ಬಾರಿಸಿದೆ.

ಮರುದಿನ ಕರೆದಾಗ ಕೆಂಚ ಬಂತು. ಹತ್ತು ಅಡಿ ದೂರದವರೆಗೆ ಬಂದು, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಿತು. ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟರೆ ಅದು ಒಂದು ಹೆಜ್ಜೆ ಹಿಂದೆ ಸರಿಯಿತು. ಹೀಗೆ ಅಂಗಳದಲ್ಲಿ ನಾವಿಬ್ಬರೂ ಕಾಲುಗಂಟೆ ಆಡಿದ್ದನ್ನು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ನೋಡುತ್ತಿದ್ದ ನನ್ನಾಕೆ, ತಲೆಯೆತ್ತದೆಯೇ ಹೇಳಿದಳು: “ಕರೆದು ಕರೆದು ಹೊಡೆದ್ರೆ ಯಾರು ಬರ್ತಾರ್ರೀ? ಅದೇನು ನಿಮ್ಮ ಎಂಟನೇ ಕ್ಲಾಸಿನ ಹುಡುಗನೇ?”

ಅವಳು ಸಹಜವಾಗಿ ಆಡಿದ ಮಾತು. ಅವಳಿಗೆ ಆ ಹುಡುಗನ ವಿಷಯ ಗೊತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

1987. ಗೌರಿಬಿದನೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಎಂಟನೆಯ ತರಗತಿಯಲ್ಲಿ ಕುರಿ ಕಾಯುವ ಮನೆಯಿಂದ ಬಂದ ಹುಡುಗನೊಬ್ಬನಿದ್ದ. ಹೆಸರು ಬೇಡ. ಲೆಕ್ಕದಲ್ಲಿ ಬಲು ಚುರುಕು. ಕಪ್ಪುಹಲಗೆಯ ಮೇಲೆ ನಾನು ಪ್ರಶ್ನೆ ಬರೆದು ಮುಗಿಸುವಷ್ಟರಲ್ಲಿ ಅವನಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. ಆದರೆ ಮನೆಗೆಲಸದ ಪುಸ್ತಕ ಮಾತ್ರ ಖಾಲಿ. ಸಂಜೆ ಮಂದೆ ದೊಡ್ಡಿ ಸೇರುವವರೆಗೆ ಅವನಿಗೆ ಬಿಡುವಿಲ್ಲ. ಅನಂತರ ಮನೆಯಲ್ಲಿ ದೀಪವಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ವಾರದಲ್ಲಿ ಮೂರು ಬಾರಿ ಅವನ ಹೆಸರು ಹಿಡಿದು, “ಬಾ ಇಲ್ಲಿ” ಎನ್ನುತ್ತಿದ್ದೆ. ಅವನು ಬಂದು ಕೈ ಚಾಚುತ್ತಿದ್ದ. ಬೆತ್ತದ ಏಟು ತಿಂದು ಹೋಗಿ ಕೂರುತ್ತಿದ್ದ. ಉಳಿದ ಯಾವ ಕಾರಣಕ್ಕೂ ನಾನು ಅವನನ್ನು ಆ ಎರಡು ಪದಗಳಿಂದ ಕರೆದದ್ದು ನೆನಪಿಲ್ಲ. ಸರಿಯುತ್ತರ ಹೇಳಿದಾಗ ‘ಕೂತ್ಕೋ’ ಎನ್ನುತ್ತಿದ್ದೆ, ಅಷ್ಟೆ.

ಆ ವರ್ಷ ಗ್ರಾಮೀಣ ಪ್ರತಿಭಾವಂತ ಮಕ್ಕಳ ವಿದ್ಯಾರ್ಥಿವೇತನದ ಪರೀಕ್ಷೆಗೆ ಅವನನ್ನು ಕೂರಿಸಿದ್ದೆವು. ಆಯ್ಕೆಯಾದ ಪತ್ರ ಒಂದು ಮಧ್ಯಾಹ್ನ ಶಾಲೆಗೆ ಬಂತು. ನಮ್ಮ ಶಾಲೆಯಿಂದ ಅವನೊಬ್ಬನೇ. ಹಿಗ್ಗಿನಿಂದ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಜಗಲಿಗೆ ಬಂದು, ಬಯಲಿನಲ್ಲಿ ಆಡುತ್ತಿದ್ದವನನ್ನು ಹೆಸರು ಹಿಡಿದು ಗಟ್ಟಿಯಾಗಿ ಕೂಗಿದೆ: “ಬಾ ಇಲ್ಲಿ!”

ಅವನು ನನ್ನ ಮುಖ ನೋಡಲಿಲ್ಲ. ಕೈ ನೋಡಿದ. ಕೈಯಲ್ಲಿದ್ದ ಕಾಗದ ನೋಡಿದ. ತಂದೆಗೆ ಬರೆದ ದೂರಿನ ಕಾಗದವೆಂದು ತಿಳಿದಿರಬೇಕು. ಒಂದು ಗಳಿಗೆ ನಿಂತು, ಹಿಂದಿರುಗಿ, ಕಾಂಪೌಂಡಿನ ಮೋಟುಗೋಡೆಯನ್ನು ಹಾರಿ ಓಡಿಬಿಟ್ಟ. ನಾನು ನಗುತ್ತ, “ನಾಳೆ ಬರ್ತಾನೆ ಬಿಡಿ” ಎಂದು ಒಳಗೆ ಹೋದೆ. ನಾಳೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಮೂರನೆಯ ಸಂಜೆ ಸೈಕಲ್ ತುಳಿದುಕೊಂಡು ಅವನ ಊರಿಗೆ ಹೋದಾಗ, ಸೋದರಮಾವನ ಮಂದೆಯ ಜೊತೆ ಹಿಂದೂಪುರದ ಕಡೆಗೆ ಹೊರಟುಹೋಗಿದ್ದಾನೆಂದು ತಾಯಿ ಹೇಳಿದಳು. ಮಳೆಗಾಲ ಬಂದರೂ ಮಂದೆ ಹಿಂದಿರುಗಲಿಲ್ಲ. ವಿದ್ಯಾರ್ಥಿವೇತನ ಕೈಬಿಟ್ಟುಹೋಯಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ನಾನೇ ಕೆಂಪು ಗೆರೆ ಎಳೆದೆ.

ಅಂಗಳದಲ್ಲಿ ಹೊಟ್ಟೆಯೊತ್ತಿ ಮಲಗಿದ್ದ ಕೆಂಚನ ಕಣ್ಣು ನನ್ನ ಕೈಯನ್ನು ನೋಡಿದ ಬಗೆ ಮೂವತ್ತಮೂರು ವರ್ಷಗಳ ಹಿಂದಿನದಾಗಿತ್ತು. ಆ ಹುಣಿಸೆಬರಲನ್ನು ಒಲೆಗೆ ಹಾಕಿದೆ. ನಮ್ಮ ಮಹಾಭಾರತ ಮುಗಿಯುವುದು ಧರ್ಮರಾಯನನ್ನು ಹಿಂಬಾಲಿಸಿದ ನಾಯಿಯಿಂದ ಎಂಬುದು ಎಲ್ಲರಿಗೂ ನೆನಪಿದೆ. ಅದು ಮೊದಲಾಗುವುದೂ ಒಂದು ನಾಯಿಯಿಂದಲೇ ಎಂಬುದನ್ನು ಮರೆಯುತ್ತೇವೆ. ಜನಮೇಜಯನ ಸತ್ರದ ಬಳಿ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ತಾಯಿ ಸರಮೆ ಬಂದು, ಏನೂ ತಪ್ಪು ಮಾಡದವನನ್ನು ಹೊಡೆದದ್ದೇಕೆ ಎಂದು ಕೇಳುತ್ತಾಳೆ. ಉತ್ತರ ಬರುವುದಿಲ್ಲ. ನನ್ನ ಕೆಂಚನ ಲೆಕ್ಕದಲ್ಲಿಯೂ ಅಷ್ಟೇ ಅಲ್ಲವೇ? ಕುರಿಯ ಹಿಂದೆ ಓಡಿದ್ದು ಒಂದು ಗಂಟೆಯ ಹಿಂದಿನ ಮಾತು. ಏಟು ಬಿದ್ದದ್ದು ಮನೆಗೆ ಮರಳಿ ಬಂದದ್ದಕ್ಕೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ ಈಗ ಬೆಂಗಳೂರಿನಲ್ಲಿ ವೈದ್ಯಳಾಗಿದ್ದಾಳೆ. ಅವಳಿಗೆ ದೂರವಾಣಿ ಮಾಡಿ ಎಲ್ಲವನ್ನೂ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, “ಸಾರ್, ಬೇಜಾರು ಮಾಡ್ಕೋಬೇಡಿ. ‘ಬಾ’ ಅನ್ನೋ ಪದಾನ ನೀವು ಕೆಡಿಸಿಬಿಟ್ಟಿದ್ದೀರಿ. ಇನ್ನು ಆ ಪದ ಕೆಲಸಕ್ಕೆ ಬರಲ್ಲ. ಹೊಸದೊಂದು ಹುಡುಕಿ” ಎಂದಳು. ನಾನು ಬರೆದುಕೊಳ್ಳಲು ಹಾಳೆ ತೆಗೆದುಕೊಂಡೆ. ಪಾಠ ಹೇಳಿದವನು ಪಾಠ ಹೇಳಿಸಿಕೊಳ್ಳುವ ಸರದಿ.

ಹೊಸ ಪದಕ್ಕೆ ಹುಡುಕುವಾಗ ಸಿಕ್ಕಿದ್ದು ಸೀಟಿ. ನಮ್ಮ ಪಿ.ಟಿ. ಮೇಷ್ಟ್ರು ತಾವು ನಿವೃತ್ತರಾದ ದಿನ ನೆನಪಿಗೆಂದು ಕೊಟ್ಟದ್ದು. ಮೇಜಿನ ಸೆಳೆಖಾನೆಯಲ್ಲಿ ಬಿದ್ದಿತ್ತು. ವೈದ್ಯಳು ಒಪ್ಪಿದಳು. ಸೀಟಿಯ ಸದ್ದು ದೂರಕ್ಕೆ ಕೇಳುತ್ತದೆ, ಪ್ರತಿ ಸಲವೂ ಒಂದೇ ತೆರನಾಗಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ, ಸೀಟಿಗೆ ಸಿಟ್ಟು ಬರುವುದಿಲ್ಲ. ನನ್ನ ದನಿಯಲ್ಲಿ ಏನಿದೆಯೆಂದು ಕೆಂಚ ನನಗಿಂತ ಚೆನ್ನಾಗಿ ಬಲ್ಲದು.

ಮೊದಲ ವಾರ ನಡುಮನೆಯಲ್ಲಿಯೇ ಪಾಠ. ಕರೆಯುವುದೇ ಇಲ್ಲ. ಕೆಂಚ ಕಾಲಬುಡದಲ್ಲಿ ಮಲಗಿರುವಾಗ ಸೀಟಿಯನ್ನು ಮೆಲ್ಲಗೆ ಊದುವುದು, ಆ ಕ್ಷಣವೇ ಒಂದು ಚೂರು ಮೊಟ್ಟೆ ಕೊಡುವುದು. ದಿನಕ್ಕೆ ಹತ್ತು ಹದಿನೈದು ಸಲ. ಮೂರನೆಯ ದಿನ ಸೀಟಿ ಕೇಳಿದೊಡನೆ ಅದರ ತಲೆ ತಾನಾಗಿ ನನ್ನತ್ತ ತಿರುಗತೊಡಗಿತು. ರಷ್ಯಾದ ಪಾವ್‌ಲೊವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ನಾನು ಬಿ.ಎಡ್. ಓದುವಾಗ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದು, ಒಳ್ಳೆಯ ಅಂಕ ಪಡೆದಿದ್ದೆ. ಒಂದು ಸದ್ದಿನ ಹಿಂದೆ ಸದಾ ಏನು ಬರುತ್ತದೆಯೋ ಆ ಸದ್ದೇ ಅದಾಗಿಬಿಡುತ್ತದೆ ಎಂಬುದು ಅದರ ಸಾರ. ಮರುವರ್ಷವೇ ಬೆತ್ತ ಹಿಡಿದು ತರಗತಿಗೆ ಹೋಗಿ, ಮಕ್ಕಳ ಹೆಸರುಗಳನ್ನೇ ಏಟಿನ ಗಂಟೆಯನ್ನಾಗಿ ಮಾಡಿದೆ. ಓದಿದ್ದು ನಾಯಿಗೆ ಅನ್ವಯಿಸುವುದೆಂದುಕೊಂಡಿದ್ದೆ, ಮಕ್ಕಳಿಗಲ್ಲ!

ಕೊಡುವ ತಿನಿಸಿನ ಬಗೆಗೂ ಒಂದು ಮಾತು ಹೇಳಬೇಕು. ನಮ್ಮದು ದ್ರಾಕ್ಷಿಯ ಸೀಮೆ. ಮೊಮ್ಮಗ, “ತಾತ, ಕೆಂಚಂಗೆ ದ್ರಾಕ್ಷಿ ಕೊಡ್ಲಾ?” ಎಂದು ಗೊಂಚಲು ಹಿಡಿದು ಬಂದಾಗ ನಾನು ಕೊಡು ಎಂದಿದ್ದೆ. ವೈದ್ಯಳು ಗಾಬರಿಯಾಗಿ ತಡೆದಳು. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು; ಈರುಳ್ಳಿ, ಚಾಕೊಲೇಟುಗಳೂ ವಿಷವೇ. ನಮ್ಮ ತೋಟಗಳ ನಡುವೆ ನಾಯಿ ಸಾಕುವವರು ಇದನ್ನು ಮನಸ್ಸಿನಲ್ಲಿಡಬೇಕು. ರಾಗಿಮುದ್ದೆ ದಿನವೂ ತಿನ್ನುವಂಥದು, ಅದಕ್ಕೆ ಕೆಂಚ ಬಾಲವನ್ನೂ ಅಲ್ಲಾಡಿಸದು. ಆದ್ದರಿಂದ ಸೀಟಿಗೆಂದೇ ಮೀಸಲಾದದ್ದು ಮೊಟ್ಟೆ. ಮನೆಯೊಳಗೆ ಮೊಟ್ಟೆ ಬೇಯಿಸಲು ಒಪ್ಪದ ನನ್ನಾಕೆ, ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿಕೊಟ್ಟಳು.

ಅದು 2020ರ ವಸಂತ. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತ್ತು. ಊರಿಗೂರೇ ಮೌನ, ಬೆಟ್ಟದ ರಸ್ತೆಯಲ್ಲಿ ವಾಹನವಿಲ್ಲ. ಎಲ್ಲರಿಗೂ ಕಷ್ಟಕಾಲವಾದ ಅದು ಕೆಂಚನ ಒಂದನೆಯ ತರಗತಿಗೆ ಹೇಳಿ ಮಾಡಿಸಿದ ಕಾಲವಾಯಿತು. ಹಿತ್ತಿಲು, ಅನಂತರ ನಿರ್ಜನ ಬೀದಿ, ಅನಂತರ ಬಯಲು. ಬಾವಿಯ ಸೇದುವ ಹಗ್ಗ ಮೂವತ್ತು ಅಡಿ. ಅದರ ತುದಿಯನ್ನು ಕೊರಳಿಗಲ್ಲ, ಎದೆಯನ್ನು ಬಳಸಿ ಕಟ್ಟುವ ಪಟ್ಟಿಗೆ ಕಟ್ಟಬೇಕು. ಓಡುವ ನಾಯಿಯ ಕೊರಳು ಜಗ್ಗಿದರೆ ಅಪಾಯ. ನಾಯಿಗೆ ಅಪಾಯವಾಗದಂತೆ ನೋಡಿಕೊಂಡೆ, ನನ್ನನ್ನು ನೋಡಿಕೊಳ್ಳಲಿಲ್ಲ. ಒಂದು ದಿನ ಕೋಳಿ ಕಂಡು ಕೆಂಚ ಜಿಗಿದಾಗ ಹಗ್ಗ ಅಂಗೈಯ ಚರ್ಮವನ್ನು ಸುಲಿದುಕೊಂಡು ಹೋಯಿತು. ನನ್ನಾಕೆ ಅರಿಸಿನ ಹಚ್ಚುತ್ತ ಏನನ್ನೂ ಹೇಳಲಿಲ್ಲ, ಹೇಳದಿದ್ದುದೇ ಹೆಚ್ಚಾಗಿತ್ತು.

ಹಗ್ಗವಿರುವುದು ಎಳೆಯುವುದಕ್ಕಲ್ಲ, ಓಡಿಹೋಗಿ ಸುಖಪಡದಂತೆ ತಡೆಯುವುದಕ್ಕೆ ಮಾತ್ರ. ಬರುವುದು ಅದಾಗಿ ಬರಬೇಕು. ವೈದ್ಯಳು ಬರೆಸಿದ ನಿಯಮಗಳು ಇಂದಿಗೂ ನನ್ನ ಗೋಡೆಯ ಮೇಲಿವೆ. ಸೀಟಿ ಒಂದೇ ಸಲ. ಹತ್ತು ಸಲ ಊದಿದರೆ ಒಂಬತ್ತನ್ನು ಕೇಳಬೇಕಿಲ್ಲವೆಂದು ಕಲಿಸಿದಂತೆ. ಬರಲಾರದೆಂದು ತಿಳಿದಾಗ ಊದಲೇಬಾರದು. ಸುಮ್ಮನೆ ನಡೆದುಹೋಗಿ ಹಿಡಿದುಕೊಳ್ಳಬೇಕು. ಅದರ ಹಿಂದೆ ಓಡಬಾರದು; ವಿರುದ್ಧ ದಿಕ್ಕಿಗೆ ಓಡಿದರೆ ಅದೇ ಹಿಂದೆ ಬರುತ್ತದೆ. ಎಷ್ಟೇ ತಡವಾಗಿ ಬಂದರೂ ಬೈಯಬಾರದು, ಮುಖವನ್ನೂ ಗಂಟಿಕ್ಕಬಾರದು. ಬಂದಾಗ ಕೊರಳಪಟ್ಟಿಯನ್ನು ಮೆಲ್ಲಗೆ ಮುಟ್ಟಿ ತಿನಿಸು ಕೊಡಬೇಕು. ಇಲ್ಲದಿದ್ದರೆ ತಿನಿಸನ್ನು ಕಸಿದು ಕೈಗೆ ಸಿಗದೆ ಓಡುವುದನ್ನು ಕಲಿತೀತು.

ಕೊನೆಯದು ನನಗೆ ಬಹಳ ಹಿಡಿಸಿದ ನಿಯಮ. ಕರೆದು, ತಿನಿಸು ಕೊಟ್ಟು, ‘ಹೋಗು’ ಎಂದು ಮತ್ತೆ ಆಟಕ್ಕೆ ಬಿಟ್ಟುಬಿಡುವುದು. ಹತ್ತು ಸಲ ಕರೆದರೆ ಒಂಬತ್ತು ಸಲ ಹೀಗಾಗಬೇಕು. ಕರೆಯೆಂದರೆ ಆಟದ ಅಂತ್ಯ, ಸರಪಳಿ, ಮನೆ ಎಂದಾದರೆ ಯಾವ ಪ್ರಾಣಿ ಬಂದೀತು? ಪ್ರೇಮಾಕ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಇದನ್ನು ತತ್ತ್ವವಾಗಿ ಮಂಡಿಸಿದರು: ಜೀವಿಗೆ ಯಾವುದು ಪ್ರಿಯವೋ ಅದನ್ನೇ ಕಡಿಮೆ ಪ್ರಿಯವಾದ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು. ನನ್ನ ಬಳಿಗೆ ಬಂದರೆ ಮತ್ತೆ ಪೊದೆ ಮೂಸಲು ಹೋಗಬಹುದು ಎಂಬುದನ್ನು ಕೆಂಚ ಬಲುಬೇಗ ಅರಿತುಕೊಂಡಿತು. ಊಟ ಮಾಡಿದರೆ ಆಟ ಎಂದು ಮಕ್ಕಳಿಗೆ ಹೇಳುವ ನಮ್ಮ ಅಜ್ಜಿಯರೂ ಈ ಶಾಸ್ತ್ರವನ್ನು ಬಲ್ಲವರೇ.

ಲಾಕ್‌ಡೌನ್ ಹಂತಹಂತವಾಗಿ ತೆರವಾದಂತೆ ಕೆಂಚನ ತರಗತಿಗಳೂ ಏರಿದವು. ನಾನು ಪಠ್ಯಕ್ರಮವನ್ನೇ ಬರೆದೆ. ನಡುಮನೆ ಒಂದನೆಯ ತರಗತಿ, ಹಿತ್ತಿಲು ಎರಡನೆಯದು, ಬೀದಿ ಮೂರನೆಯದು. ಕೋಳಿ ಐದು, ಕುರಿಮಂದೆ ಏಳು, ಇತರ ನಾಯಿಗಳು ಎಂಟು, ಕೋತಿ ಒಂಬತ್ತು. ಕಣ್ಣೆದುರೇ ಓಡುವ ಮೊಲ, ಹತ್ತನೆಯ ತರಗತಿ. ಆಕರ್ಷಣೆಯನ್ನು ಹೆಚ್ಚಿಸಿದ ದಿನ ದೂರವನ್ನು ಕಡಿಮೆ ಮಾಡಬೇಕು. ಎರಡನ್ನೂ ಒಟ್ಟಿಗೆ ಏರಿಸಬಾರದು. ಕೋಳಿಯಲ್ಲಿ ಗೆದ್ದ ಉತ್ಸಾಹದಲ್ಲಿ ನಾನು ನೇರವಾಗಿ ನಾಯಿಗಳ ಗುಂಪಿನ ಬಳಿ ಹಗ್ಗ ಬಿಚ್ಚಿದೆ. ಸೀಟಿ ಗಾಳಿಗೆ ಹೋಯಿತು. ವೈದ್ಯಳು ನಕ್ಕು, “ಸಾರ್, ಐದನೇ ಕ್ಲಾಸ್ ಹುಡುಗನ್ನ ಎಸ್‌ಎಸ್‌ಎಲ್‌ಸಿಗೆ ಕೂರಿಸಿ ಫೇಲಾದ ಅಂದ್ರೆ, ತಪ್ಪು ಯಾರ್ದು?” ಎಂದಳು. ಮತ್ತೆ ಹಗ್ಗ ಕಟ್ಟಿ, ಕುರಿಮಂದೆಯಿಂದ ನೂರು ಅಡಿ ದೂರ ನಿಂತು ಮೊದಲಿಟ್ಟೆ. ದಿನಕ್ಕೆ ಐದು ಅಡಿಯಂತೆ ಹತ್ತಿರವಾದೆವು. ಕಾರ್ತಿಕದಲ್ಲಿ ಬೀದಿಯ ಹೆಣ್ಣುನಾಯಿಗಳ ಕಾಲ ಬಂದಾಗ ಯಾವ ಸೀಟಿಯೂ ನಡೆಯಲಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರವಾಯಿತು. ನೂರಕ್ಕೆ ನೂರು ಬರುವ ನಾಯಿಯಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲವೂ ತಿನಿಸು ಕೊಡುವುದನ್ನು ಬಿಟ್ಟು, ಕೆಲವೊಮ್ಮೆ ಒಂದು ಚೂರು, ಕೆಲವೊಮ್ಮೆ ಬರಿಯ ಮೈದಡವುವುದು, ಎಂದೋ ಒಮ್ಮೆ ಇಡೀ ಮೊಟ್ಟೆ ಎಂದು ಬದಲಿಸಿದೆ. ಯಾವಾಗ ಏನು ಸಿಕ್ಕೀತೆಂದು ತಿಳಿಯದಿದ್ದಾಗ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆಂದು ಅಮೆರಿಕದ ಸ್ಕಿನ್ನರ್ ತೋರಿಸಿಕೊಟ್ಟಿದ್ದಾರೆ.

ಇಷ್ಟೆಲ್ಲ ಏಕೆ, ಕಟ್ಟಿಹಾಕಬಾರದೇ ಎಂದು ನೀವು ಕೇಳಬಹುದು. ಬೆಟ್ಟದ ತಪ್ಪಲಲ್ಲಿ ಚಿರತೆಯ ಓಡಾಟವುಂಟು. ಊರ ನಾಯಿಗಳು ಅದಕ್ಕೆ ಸುಲಭದ ತುತ್ತು. ಹೊಲದಲ್ಲಿ ನವಿಲುಗಳಿವೆ, 1972ರ ವನ್ಯಜೀವಿ ಕಾಯಿದೆ ಅವುಗಳನ್ನು ಕಾಯುತ್ತದೆ, ನಾಯಿ ಹಿಡಿದರೆ ಹೊಣೆ ನಮ್ಮದು. ಎಲ್ಲಕ್ಕಿಂತ ಮಿಗಿಲಾಗಿ ರಸ್ತೆ. ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಸೂರ್ಯೋದಯ ನೋಡಲು ಬೆಂಗಳೂರಿನಿಂದ ನುಗ್ಗುವ ಮೋಟಾರ್ ಬೈಕುಗಳನ್ನು ನೋಡಿದವರಿಗೆ ನನ್ನ ಭಯ ಅರ್ಥವಾದೀತು. 2021ರ ಆಗಸ್ಟಿನಲ್ಲಿ ಬೆಟ್ಟದ ದಾರಿಯಲ್ಲಿ ಗುಡ್ಡ ಕುಸಿದು ಕೆಲವು ತಿಂಗಳು ಪ್ರವೇಶ ನಿಂತಿತ್ತು. ಅದು ಮತ್ತೆ ತೆರೆದ ಮೇಲೆ ವಾಹನಗಳ ಭರಾಟೆ ಮೊದಲಿನಂತೆಯೇ ಆಯಿತು.

2022ರ ಮಾಘಮಾಸದ ಒಂದು ಭಾನುವಾರ. ಮಂಜು ಇನ್ನೂ ಕರಗಿರಲಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಕೆಂಚ ಹಗ್ಗವಿಲ್ಲದೆ ಮೂಸುತ್ತ ಸಾಗಿತ್ತು. ಅದರ ಕಾಲಬುಡದಿಂದಲೇ ಎಂಬಂತೆ ಒಂದು ಮೊಲ ಎದ್ದು, ನೇರ ರಸ್ತೆಯ ಕಡೆಗೆ ಓಡಿತು. ಕೆಂಚ ಅದರ ಹಿಂದೆ. ಹೊಲದ ಅಂಚಿಗೂ ರಸ್ತೆಗೂ ನಡುವೆ ಒಂದು ಕತ್ತಾಳೆ ಬೇಲಿ, ಅದರಾಚೆ ಬೈಕುಗಳ ಸದ್ದು ಹತ್ತಿರವಾಗುತ್ತಿತ್ತು. ಕೂಗಲು ಬಾಯಿ ತೆರೆದೆ. ಬಂದದ್ದು ಹಳೆಯ ‘ಬಾ ಇಲ್ಲಿ’. ದನಿ ಹೊರಡುವ ಮೊದಲು ಹೇಗೋ ನುಂಗಿಕೊಂಡು ಸೀಟಿಯನ್ನು ತುಟಿಗಿಟ್ಟೆ. ಒಂದೇ ಸಲ ಊದಿದೆ.

ಕೆಂಚ ಇನ್ನೂ ನಾಲ್ಕು ನೆಗೆತ ಓಡಿತು. ಆಮೇಲೆ ಅದರ ಕಿವಿ ಹಿಂದಕ್ಕೆ ತಿರುಗಿತು. ಧೂಳೆಬ್ಬಿಸಿ ನಿಂತು, ಒಂದು ಕ್ಷಣ ಮೊಲ ಹೋದತ್ತ ನೋಡಿ, ತಿರುಗಿ ನನ್ನೆಡೆಗೆ ಓಡಿ ಬಂತು. ಮೊಲ ಬೇಲಿ ನುಸುಳಿತು. ಅದರ ಹಿಂದೆಯೇ ಮೂರು ಬೈಕುಗಳು ಸಾಲಾಗಿ ಹಾದುಹೋದವು. ನನ್ನ ಕಾಲು ನಿಲ್ಲಲಿಲ್ಲ, ಬದುವಿನ ಮೇಲೆ ಕುಳಿತೆ. ಪೊಟ್ಟಣದಲ್ಲಿದ್ದ ಮೊಟ್ಟೆಯೆಲ್ಲವನ್ನೂ ಅದರ ಮುಂದೆ ಸುರಿದೆ. ಅದು ತಿಂದು ಮುಗಿಸಿ ನನ್ನ ಅಂಗೈಯನ್ನು ನೆಕ್ಕಿತು. ಆಗ ಅದು ನೋಡುತ್ತಿದ್ದುದು ಕೈಯನ್ನಲ್ಲ, ಮುಖವನ್ನು.

ನಮ್ಮೂರಿನ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದೆ. ನೀರು ಗೊತ್ತುಪಡಿಸಿದ ಮಟ್ಟಕ್ಕೇರಿದರೆ ಯಾರ ಅಪ್ಪಣೆಯೂ ಇಲ್ಲದೆ ತಾವೇ ತೆರೆದುಕೊಳ್ಳುತ್ತವೆ. ಪ್ರವಾಹ ಬಂದಾಗ ಕಾವಲುಗಾರನನ್ನು ಹುಡುಕುತ್ತ ಹೋಗಲು ಸಮಯವಿರುವುದಿಲ್ಲವಲ್ಲ. ಅಂದು ಕೆಂಚ ತಿರುಗಿದ್ದೂ ಹಾಗೆಯೇ. ಅದು ಆ ಗಳಿಗೆಯಲ್ಲಿ ಯೋಚಿಸಿ ತೀರ್ಮಾನಿಸಿತೆಂದು ನನಗನ್ನಿಸುವುದಿಲ್ಲ. ಎರಡು ವರ್ಷ ನಡುಮನೆಯಲ್ಲಿ, ಹಿತ್ತಿಲಿನಲ್ಲಿ ಸಾವಿರಾರು ಚೂರು ಮೊಟ್ಟೆ ಕಟ್ಟಿದ್ದ ಗೇಟು ತಾನೇ ತೆರೆದುಕೊಂಡಿತು.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 950ರ ಒಂದು ಶಾಸನ ದೊರೆತಿದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ, ಮೆಚ್ಚುಗೆಯಾಗಿ ಊರನ್ನೋ ಹೊನ್ನನ್ನೋ ಬೇಡದೆ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನಂತೆ. ಆ ನಾಯಿಯನ್ನು ಹಂದಿಯೊಂದರ ಮೇಲೆ ಛೂ ಬಿಟ್ಟರು. ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಓದುವಾಗಲೆಲ್ಲ ಹೆಮ್ಮೆಪಟ್ಟಿದ್ದೇನೆ. ಈಗ ಓದಿದರೆ ಬೇರೊಂದು ಯೋಚನೆ ಬರುತ್ತದೆ. ನುಗ್ಗಿದ ನಾಯಿಗೆ ವೀರಗಲ್ಲುಂಟು. ಅರ್ಧದಾರಿಯಿಂದ ತಿರುಗಿ ಮನೆಗೆ ಬಂದ ನಾಯಿಗೆ ಯಾರೂ ಕಲ್ಲು ನೆಡುವುದಿಲ್ಲ. ಅದು ಜಗಲಿಯ ಮೇಲೆ ಮಲಗಿ, ನೊಣ ಅಟ್ಟುತ್ತ ಮುದಿಯಾಗುತ್ತದೆ. ಅಷ್ಟು ಸಾಕು.

ಕೆಲವು ವರ್ಷಗಳ ಹಿಂದೆ ನೀವೆಲ್ಲ ಸೇರಿ ಗುರುವಂದನೆ ಮಾಡಿದಿರಿ. ಅಂದು ವೇದಿಕೆಯಿಂದಿಳಿದು, ಬಾಗಿಲ ಬಳಿ ನಿಂತಿದ್ದ ಒಬ್ಬನನ್ನು ಕಂಡು, ಪ್ರೀತಿಯಿಂದಲೇ, “ಬಾಪ್ಪಾ ಇಲ್ಲಿ” ಎಂದೆ. ತಲೆ ನರೆತವನು, ಮೊಮ್ಮಕ್ಕಳನ್ನು ಕಂಡವನು. ಕರೆದೊಡನೆ ಅವನ ಕಣ್ಣು ಮೊದಲು ನನ್ನ ಕೈಗೆ ಹೋಯಿತು, ಆಮೇಲೆ ಮುಖಕ್ಕೆ ಬಂದು ನಕ್ಕಿತು. ಅಂದು ಅದು ನನಗೆ ಹೊಳೆದಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಬೆತ್ತವನ್ನು ನಿಷೇಧಿಸಿತು. ನಾನು ಅದಕ್ಕೆ ಮೂರು ವರ್ಷ ಮೊದಲೇ ನಿವೃತ್ತನಾಗಿದ್ದೆ. ಕಾಯಿದೆ ನನ್ನನ್ನು ತಿದ್ದಲಿಲ್ಲ. ನಿಮ್ಮಲ್ಲಿ ಅನೇಕರು, “ನಿಮ್ಮ ಏಟಿನಿಂದಲೇ ಸಾರ್ ನಾವು ಮನುಷ್ಯರಾದದ್ದು” ಎನ್ನುತ್ತೀರಿ. ನಿಮ್ಮ ದೊಡ್ಡಮನಸ್ಸು ಅದು. ಆದರೆ ಹಾಗೆ ಹೇಳಲು ಬಂದವರು ಉಳಿದುಕೊಂಡವರು ಮಾತ್ರ. ಗೋಡೆ ಹಾರಿ ಹೋದವನು ಗುರುವಂದನೆಗೆ ಬರುವುದಿಲ್ಲ.

ಅವನಿಗೆ ಈಗ ಐವತ್ತು ದಾಟಿರಬೇಕು. ಗೌರಿಬಿದನೂರಿನ ಆ ಶಾಲೆಯಲ್ಲಿ 1987ರಲ್ಲಿ ಎಂಟನೆಯ ತರಗತಿಯಲ್ಲಿದ್ದವರಿಗೆ ನಾನು ಯಾರ ಮಾತು ಆಡುತ್ತಿದ್ದೇನೆಂದು ತಿಳಿದಿರುತ್ತದೆ. ಆಂಧ್ರದ ಕಡೆಯಲ್ಲಿ ಮನೆ ಕಟ್ಟಿದ್ದಾನೆಂದು ಒಬ್ಬರು, ಪಾವಗಡದ ಬಳಿ ಇದ್ದಾನೆಂದು ಇನ್ನೊಬ್ಬರು ಹೇಳಿದರು. ನಿಮ್ಮಲ್ಲಿ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ನನಗೊಬ್ಬನಿಗೆ ತಿಳಿಸಿ. ಮೇಷ್ಟ್ರು ಕರೀತಿದ್ದಾರೆ ಎಂದು ಮಾತ್ರ ಅವನಿಗೆ ಹೇಳಬೇಡಿ. ಊರಿನ ಹೆಸರು ತಿಳಿದರೆ ಸಾಕು, ನಾನೇ ಹೋಗುತ್ತೇನೆ. ಕೈಯಲ್ಲಿ ಯಾವ ಕಾಗದವನ್ನೂ ಹಿಡಿದು ಹೋಗುವುದಿಲ್ಲ.